ಮೂರು ಲೀಟರ್ ಆಯಿಲಿನ ಆಸರೆ: ಫಿಯೆಟ್ 1.3 ಮಲ್ಟಿಜೆಟ್ ಎಂಜಿನ್ನಿನ ರಚನೆ ಮತ್ತು ದೋಷಗಳನ್ನು ಕುರಿತು

1. ವ್ಯಾಪ್ತಿ ಮತ್ತು ವಾದ

2007ರಿಂದ 2020ರವರೆಗೆ ಭಾರತದಲ್ಲಿ ಮಾರಾಟವಾದ ಸಣ್ಣ ಡೀಸೆಲ್ ಕಾರುಗಳ ಪೈಕಿ ಹಲವಾರು ಮಾದರಿಗಳ ಎಂಜಿನ್ ಒಂದೇ. ಮಾರುತಿ ಸುಜುಕಿ ಅದನ್ನು ಡಿಡಿಐಎಸ್ ಎಂದು ಕರೆಯಿತು, ಟಾಟಾ ಮೋಟಾರ್ಸ್ ಕ್ವಾಡ್ರಾಜೆಟ್ ಎಂದಿತು, ಫಿಯೆಟ್ ತನ್ನ ಮೂಲ ಹೆಸರಾದ ಮಲ್ಟಿಜೆಟ್ ಅನ್ನೇ ಉಳಿಸಿಕೊಂಡಿತು. ಯುರೋಪಿನ ಓಪೆಲ್ ಕಾರುಗಳಲ್ಲಿ ಇದೇ ಎಂಜಿನ್ ಸಿಡಿಟಿಐ ಎಂಬ ಹೆಸರಿನಲ್ಲಿ ಓಡಿತು. ಸ್ವಿಫ್ಟ್, ಡಿಜೈರ್, ರಿಟ್ಜ್, ಎರ್ಟಿಗಾ, ಸಿಯಾಜ್, ವಿಟಾರಾ ಬ್ರೆಝಾ, ಇಂಡಿಕಾ ವಿಸ್ಟಾ, ಮಾಂಝಾ, ಗ್ರಾಂಡೆ ಪುಂಟೊ, ಲಿನಿಯಾ: ಈ ಎಲ್ಲ ಮಾದರಿಗಳಲ್ಲೂ ಡೀಸೆಲ್ ಆವೃತ್ತಿಗಳಿಗೆ 1,248 ಸಿಸಿಯ ಈ ಟರ್ಬೊ ಡೀಸೆಲ್ ಬಳಕೆಯಾಯಿತು. ಭಾರತದ ವಾಹನ ಪತ್ರಿಕೆಗಳು ಇದನ್ನು ದೇಶದ ‘ರಾಷ್ಟ್ರೀಯ ಎಂಜಿನ್’ ಎಂದು ಕರೆದದ್ದು ಈ ಕಾರಣಕ್ಕೆ.

ಇದರ ದೋಷಗಳನ್ನು ಸಾಮಾನ್ಯವಾಗಿ ಪಟ್ಟಿಯ ರೂಪದಲ್ಲಿ ಹೇಳುವುದು ವಾಡಿಕೆ: ಟೈಮಿಂಗ್ ಚೈನ್ ಸಡಿಲವಾಗುತ್ತದೆ, ಟರ್ಬೊ ಹೋಗುತ್ತದೆ, ಇಜಿಆರ್ ವಾಲ್ವ್ ಮಸಿ ಹಿಡಿಯುತ್ತದೆ, ಇಂಜೆಕ್ಟರ್ ಕೈಕೊಡುತ್ತದೆ. ಪಟ್ಟಿ ಸರಿಯಾದದ್ದೇ. ಆದರೆ ಅದರಲ್ಲಿ ಪ್ರತಿ ದೋಷವೂ ಒಂಟಿಯಾಗಿ ನಿಂತಿರುತ್ತದೆ. ಈ ಟಿಪ್ಪಣಿ ಆ ದೋಷಗಳನ್ನು ಎಂಜಿನ್ನಿನ ರಚನೆಯೊಳಗೆ ಇಟ್ಟು ಓದುತ್ತದೆ. ನನ್ನ ವಾದ ಇಷ್ಟು: ಈ ಎಂಜಿನ್ನನ್ನು ಚಿಕ್ಕದಾಗಿ, ಹಗುರಾಗಿ, ರಿಪೇರಿಯ ಗೊಡವೆಯಿಲ್ಲದಂತೆ ಮಾಡಲು ಕೈಗೊಂಡ ನಿರ್ಧಾರಗಳು ಸಂಪ್‌ನಲ್ಲಿರುವ ಸುಮಾರು ಮೂರು ಲೀಟರ್ ಆಯಿಲಿನ ಮೇಲೆ ಅಸಾಮಾನ್ಯ ಭಾರ ಹಾಕಿದವು. ಚೈನ್, ಟರ್ಬೊ, ವಾಲ್ವ್ ಸಾಧನಗಳ ದೋಷಗಳು ಆ ಭಾರದಿಂದ ನೇರವಾಗಿ ಹುಟ್ಟುತ್ತವೆ. ಮಸಿ ಮತ್ತು ಇಂಧನದ ದೋಷಗಳು ಸುತ್ತುದಾರಿಯಲ್ಲಿ ಬಂದು ಅದೇ ಆಯಿಲನ್ನು ಕೆಡಿಸುತ್ತವೆ.

2. ಹುಟ್ಟು ಮತ್ತು ಹರಡಿಕೆ

ಕಾರಿನ ಡೀಸೆಲ್ ಎಂಜಿನ್ನಿನ ಇತಿಹಾಸದಲ್ಲಿ ಫಿಯೆಟ್ ಬಳಗಕ್ಕೆ ದೊಡ್ಡ ಸ್ಥಾನವಿದೆ. 1988ರ ಫಿಯೆಟ್ ಕ್ರೋಮಾ ನೇರ ಇಂಜೆಕ್ಷನ್ನಿನ ಟರ್ಬೊ ಡೀಸೆಲ್ ಪಡೆದ ಮೊದಲ ಪ್ರಯಾಣಿಕ ಕಾರು. ಮುಂದಿನ ಹೆಜ್ಜೆಯಾದ ಕಾಮನ್ ರೈಲ್ ವ್ಯವಸ್ಥೆಯನ್ನು ಫಿಯೆಟ್ಟಿನ ಸಂಶೋಧನಾ ಕೇಂದ್ರ ಮತ್ತು ಮ್ಯಾಗ್ನೆಟಿ ಮರೆಲ್ಲಿ ಬೆಳೆಸಿದವು. ಅದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುವ ಹಂತಕ್ಕೆ ತಂದದ್ದು ಬಾಷ್. 1997ರಲ್ಲಿ ಆಲ್ಫಾ ರೋಮಿಯೋ 156 ಕಾಮನ್ ರೈಲ್ ಡೀಸೆಲ್ ಎಂಜಿನ್ನಿನೊಂದಿಗೆ ಬಂತು.

1.3 ಮಲ್ಟಿಜೆಟ್ ಈ ಸಾಲಿನ ಎರಡನೆಯ ತಲೆಮಾರು. ಫಿಯೆಟ್ ಮತ್ತು ಜನರಲ್ ಮೋಟಾರ್ಸ್ ಸೇರಿ ಕಟ್ಟಿದ್ದ ಎಂಜಿನ್ ಸಂಸ್ಥೆಯ ಕೂಸಾಗಿ 2003ರಲ್ಲಿ ಹೊರಬಂತು. ತಯಾರಿ ಪೋಲೆಂಡಿನ ಬಿಯೆಲ್ಸ್ಕೊ-ಬಿಯಾವಾದಲ್ಲಿ ನಡೆಯಿತು. ಮೊದಲು ಫಿಯೆಟ್ ಪುಂಟೊಗೆ ಬಂದ ಎಂಜಿನ್ ಬಳಿಕ ಓಪೆಲ್ ಕೋರ್ಸಾ, ಲಾನ್ಚಿಯಾ ಇಪ್ಸಿಲಾನ್, ಫಿಯೆಟ್ ಪಾಂಡಾ, ಸುಜುಕಿ ಸ್ವಿಫ್ಟ್, ಎರಡನೆಯ ತಲೆಮಾರಿನ ಫೋರ್ಡ್ ಕಾ ಕಾರುಗಳಿಗೂ ಹೋಯಿತು. 2005ರ ಅಂತರರಾಷ್ಟ್ರೀಯ ವರ್ಷದ ಎಂಜಿನ್ ಪ್ರಶಸ್ತಿಗಳಲ್ಲಿ 1ರಿಂದ 1.4 ಲೀಟರ್ ವರ್ಗದ ಪ್ರಶಸ್ತಿ ಇದಕ್ಕೆ ಸಂದಿತು.

ಭಾರತದಲ್ಲಿ ಈ ಎಂಜಿನ್ ಎರಡು ಕಡೆ ತಯಾರಾಯಿತು. ಸುಜುಕಿ ಪರವಾನಗಿ ಪಡೆದು ಹರಿಯಾಣದ ಮಾನೇಸರದಲ್ಲಿ ತಯಾರಿಸಿದ್ದರ ಸಂಕೇತ ಡಿ13ಎ. 2007ರ ಜನವರಿಯಲ್ಲಿ ಸ್ವಿಫ್ಟ್ ಡೀಸೆಲ್ ಅದರೊಂದಿಗೆ ಮಾರುಕಟ್ಟೆಗೆ ಬಂತು. ಪುಣೆ ಬಳಿಯ ರಂಜನಗಾಂವ್‌ನಲ್ಲಿ ಫಿಯೆಟ್-ಟಾಟಾ ಜಂಟಿ ಕಾರ್ಖಾನೆ ಫಿಯೆಟ್ ಮತ್ತು ಟಾಟಾ ಕಾರುಗಳಿಗೆ ಎಂಜಿನ್ ಪೂರೈಸಿತು. ಡೀಸೆಲ್ ಕಾರುಗಳ ಬೇಡಿಕೆ ಏರಿದಾಗ 2012ರ ಒಪ್ಪಂದದಂತೆ ಮಾರುತಿಯೂ ರಂಜನಗಾಂವ್‌ನಿಂದ ಎಂಜಿನ್ ಕೊಂಡಿತು. 2011ರ ಶೆವ್ರೊಲೆ ಬೀಟ್ ಡೀಸೆಲ್‌ನ 936 ಸಿಸಿ ಎಂಜಿನ್ ಇದೇ ಕುಟುಂಬದ್ದು: ಇದರ ನಾಲ್ಕು ಸಿಲಿಂಡರ್‌ಗಳಲ್ಲಿ ಒಂದನ್ನು ಕಳೆದರೆ ಉಳಿಯುವ ಗಾತ್ರವೇ ಅದು. 2020ರ ಏಪ್ರಿಲ್‌ನಲ್ಲಿ ಬಿಎಸ್6 ಮಾಲಿನ್ಯ ನಿಯಮ ಜಾರಿಗೆ ಬಂದಾಗ ಭಾರತದಲ್ಲಿ ಈ ಎಂಜಿನ್ನಿನ ಮಾರಾಟ ಮುಗಿಯಿತು. ರಸ್ತೆಯ ಮೇಲಿನ ಬಾಳು ಮುಗಿದಿಲ್ಲ. ಟ್ಯಾಕ್ಸಿಯಾಗಿ, ಮನೆಯ ಕಾರಾಗಿ, ಎರಡನೆಯ ಮೂರನೆಯ ಕೈಗೆ ಬಂದ ಗಾಡಿಯಾಗಿ ಇದು ಕರ್ನಾಟಕದ ಎಲ್ಲ ಜಿಲ್ಲೆಗಳಲ್ಲೂ ಓಡುತ್ತಿದೆ.

3. ಅಳತೆಗಳು

ಮುಖ್ಯ ಅಳತೆಗಳು ಹೀಗಿವೆ:

– ಸಾಲಿನಲ್ಲಿ ನಾಲ್ಕು ಸಿಲಿಂಡರ್, ಹೆಡ್‌ನಲ್ಲಿ ಎರಡು ಕ್ಯಾಮ್‌ಶಾಫ್ಟ್, 16 ವಾಲ್ವ್
– ಬೋರ್ 69.6 ಮಿ.ಮೀ., ಸ್ಟ್ರೋಕ್ 82 ಮಿ.ಮೀ., ಒಟ್ಟು 1,248 ಸಿಸಿ
– ಸಂಕೋಚನ ಅನುಪಾತ ಮೊದಮೊದಲು 18:1, ಆಮೇಲಿನ ಆವೃತ್ತಿಗಳಲ್ಲಿ 17.6:1, ಮುಂದಿನ ಪೀಳಿಗೆಯಾದ ಮಲ್ಟಿಜೆಟ್ 2ರಲ್ಲಿ 16.8:1
– ಎರಕದ ಕಬ್ಬಿಣದ ಬ್ಲಾಕ್, ಅಲ್ಯೂಮಿನಿಯಂ ಹೆಡ್, ಒಟ್ಟು ತೂಕ ಸುಮಾರು 130 ಕೆ.ಜಿ.
– ಬಾಷ್ ಕಾಮನ್ ರೈಲ್, ಗರಿಷ್ಠ ಒತ್ತಡ ಆವೃತ್ತಿಗೆ ತಕ್ಕಂತೆ 1,400ರಿಂದ 1,600 ಬಾರ್
– ಮ್ಯಾಗ್ನೆಟಿ ಮರೆಲ್ಲಿ ಇಸಿಯು (ಎಂಜಿನ್ ನಿಯಂತ್ರಣ ಘಟಕ)
– ಕ್ಯಾಮ್‌ಶಾಫ್ಟ್ ತಿರುಗಿಸಲು ಚೈನ್, ವಾಲ್ವ್ ಅಂತರ ಸರಿಪಡಿಸಲು ಹೈಡ್ರಾಲಿಕ್ ಸಾಧನ
– ಆಯಿಲ್ ಸುಮಾರು 3 ಲೀಟರ್

ಶಕ್ತಿಯ ದೃಷ್ಟಿಯಿಂದ ಇದರಲ್ಲಿ ಎರಡು ಮುಖ್ಯ ಕವಲುಗಳಿವೆ. ಯುರೋಪಿನ ಮೊದಲ 70 ಪಿಎಸ್ ಮತ್ತು ಭಾರತದ 75 ಪಿಎಸ್ ಆವೃತ್ತಿಗಳಲ್ಲಿರುವುದು ಸ್ಥಿರ ಜ್ಯಾಮಿತಿಯ ಪುಟ್ಟ ಟರ್ಬೊ. ಒತ್ತಡ ಹೆಚ್ಚಾದರೆ ವೇಸ್ಟ್‌ಗೇಟ್ ತೆರೆದುಕೊಂಡು ಹೊಗೆಯನ್ನು ಹೊರಕ್ಕೆ ಬಿಡುತ್ತದೆ. 90 ಪಿಎಸ್ ಆವೃತ್ತಿಗಳಲ್ಲಿರುವುದು ಒಳಗಿನ ರೆಕ್ಕೆಗಳ ಕೋನ ಬದಲಾಗುವ ಟರ್ಬೊ, ಅಂದರೆ ವಿಜಿಟಿ. ಸ್ವಿಫ್ಟ್‌ನ 75 ಪಿಎಸ್ ಎಂಜಿನ್ 2,000 ಆರ್‌ಪಿಎಂನಲ್ಲಿ 190 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ. ಎಸ್‌ಎಕ್ಸ್4 ಮತ್ತು ಎರ್ಟಿಗಾದ 90 ಪಿಎಸ್ ಎಂಜಿನ್ 1,750 ಆರ್‌ಪಿಎಂನಲ್ಲಿ 200 ನ್ಯೂಟನ್ ಮೀಟರ್ ಕೊಡುತ್ತದೆ. ಮಾರುತಿ ಕಾರುಗಳ ಹಿಂಬದಿಯಲ್ಲಿ ಕಾಣುವ ಡಿಡಿಐಎಸ್ 190, ಡಿಡಿಐಎಸ್ 200 ಎಂಬ ಬರಹಗಳ ಅಂಕಿ ಈ ಟಾರ್ಕಿನದೇ.

ಎರಡು ಲೆಕ್ಕಗಳನ್ನು ಮಾಡಿ ನೋಡುವುದು ಉಪಯುಕ್ತ. 1,248 ಸಿಸಿಯಿಂದ 190 ನ್ಯೂಟನ್ ಮೀಟರ್ ಬರಬೇಕಾದರೆ ಸಿಲಿಂಡರಿನೊಳಗಿನ ಸರಾಸರಿ ಪರಿಣಾಮಕಾರಿ ಒತ್ತಡ ಸುಮಾರು 19 ಬಾರ್ ಇರಬೇಕು. ಟರ್ಬೊ ಇಲ್ಲದ ಹಳೆಯ ಡೀಸೆಲ್ ಕಾರು ಎಂಜಿನ್‌ಗಳಲ್ಲಿ ಇದು ಅರ್ಧಕ್ಕಿಂತ ಕಡಿಮೆ ಇರುತ್ತಿತ್ತು. ಅಂದರೆ ಬೇರಿಂಗ್, ಪಿಸ್ಟನ್, ಅವುಗಳ ನಡುವಿನ ಆಯಿಲ್ ಪೊರೆ ಹೊರುವ ಹೊರೆ ಹೆಚ್ಚು. ಎರಡನೆಯದು ಇಂಜೆಕ್ಷನ್ನಿನ ವೇಳೆ. ಮೊದಲ ತಲೆಮಾರಿನ ಕಾಮನ್ ರೈಲ್‌ನಲ್ಲಿ ಎರಡು ಇಂಜೆಕ್ಷನ್‌ಗಳ ನಡುವೆ ಕನಿಷ್ಠ 1,500 ಮೈಕ್ರೊಸೆಕೆಂಡ್ ಅಂತರ ಬೇಕಿತ್ತು. ಮಲ್ಟಿಜೆಟ್ ಅದನ್ನು 150ಕ್ಕೆ ಇಳಿಸಿತು. 2,000 ಆರ್‌ಪಿಎಂನಲ್ಲಿ ಕ್ರ್ಯಾಂಕ್‌ಶಾಫ್ಟ್ ಒಂದು ಡಿಗ್ರಿ ತಿರುಗಲು 83 ಮೈಕ್ರೊಸೆಕೆಂಡ್ ಹಿಡಿಯುತ್ತದೆ. ಹಳೆಯ ವ್ಯವಸ್ಥೆಯಲ್ಲಿ ಒಂದು ಚಿಮುಕಿನಿಂದ ಇನ್ನೊಂದಕ್ಕೆ ಕ್ರ್ಯಾಂಕ್ 18 ಡಿಗ್ರಿ ಸರಿಯುತ್ತಿತ್ತು; ಇದರಲ್ಲಿ ಎರಡು ಡಿಗ್ರಿಯೊಳಗೆ ಮತ್ತೊಂದು ಚಿಮುಕು ಸಾಧ್ಯ. ಒಂದು ದಹನ ಚಕ್ರಕ್ಕೆ ಐದು ಇಂಜೆಕ್ಷನ್‌ಗಳವರೆಗೆ ಇಂಧನವನ್ನು ಹಂಚಿ ಕೊಡುವುದರಿಂದ ದಹನ ಮೆತ್ತಗಾಗುತ್ತದೆ, ಹಳೆಯ ಡೀಸೆಲ್ಲಿನ ಬಡಿತದ ಸದ್ದು ತಗ್ಗುತ್ತದೆ, ಮಸಿಯೂ ಕಡಿಮೆಯಾಗುತ್ತದೆ. ಈ ಎಂಜಿನ್ನಿನ ನಿಜವಾದ ಸಾಧನೆ ಇದು. ಮುಂದೆ ಹೇಳುವ ದೋಷಗಳನ್ನು ಓದುವಾಗಲೂ ಈ ಸಾಧನೆಯನ್ನು ಮರೆಯಬಾರದು.

4. ಆಯಿಲಿಗೆ ಬಿದ್ದ ಕೆಲಸಗಳು

ಎಂಜಿನ್ ಆಯಿಲ್ ಎಂದರೆ ಜಾರುವಿಕೆಗೆ ಎಂಬುದು ಸಾಮಾನ್ಯ ತಿಳಿವಳಿಕೆ. ಈ ಎಂಜಿನ್ನಿನಲ್ಲಿ ಅದಕ್ಕೆ ಇನ್ನೂ ನಾಲ್ಕು ಕೆಲಸಗಳಿವೆ. ಚೈನ್ ಟೆನ್ಷನರನ್ನು ಒತ್ತಿ ಹಿಡಿಯುವುದು ಆಯಿಲ್ ಒತ್ತಡ. ವಾಲ್ವ್‌ಗಳ ಅಂತರವನ್ನು ತಾನೇ ಸರಿಪಡಿಸಿಕೊಳ್ಳುವ ಹೈಡ್ರಾಲಿಕ್ ಸಾಧನಗಳು ಕೆಲಸ ಮಾಡುವುದು ಅದೇ ಒತ್ತಡದಿಂದ. ನಿಮಿಷಕ್ಕೆ ಎರಡು ಲಕ್ಷ ಸುತ್ತನ್ನೂ ಮೀರಿ ತಿರುಗಬಲ್ಲ ಟರ್ಬೊ ಶಾಫ್ಟ್ ತೇಲುವುದು ಆಯಿಲಿನ ಪೊರೆಯ ಮೇಲೆ. ಅದರ ಶಾಖವನ್ನು ಹೊತ್ತೊಯ್ಯುವುದೂ ಆಯಿಲೇ. ಕೊನೆಯದಾಗಿ, ದಹನದಿಂದ ಬರುವ ಮಸಿಯನ್ನು ತನ್ನೊಳಗೆ ತೇಲಿಸಿಟ್ಟುಕೊಂಡು ಫಿಲ್ಟರಿಗೆ ತಲುಪಿಸುವ ಹೊಣೆಯೂ ಅದರದು.

ಈ ಕೆಲಸಗಳು ಬಹಳಷ್ಟು ಆಧುನಿಕ ಡೀಸೆಲ್ ಎಂಜಿನ್‌ಗಳಲ್ಲಿ ಇವೆ. ಇಲ್ಲಿಯ ವಿಶೇಷ ಆಯಿಲಿನ ಪ್ರಮಾಣ. ಎರಡು ಲೀಟರಿನ ಡೀಸೆಲ್ ಎಂಜಿನ್ನಿಗೆ ನಾಲ್ಕೂವರೆ ಐದು ಲೀಟರ್ ಆಯಿಲ್ ಹಾಕುವುದು ಸಾಮಾನ್ಯ. ಇಲ್ಲಿರುವುದು ಮೂರು ಲೀಟರ್ ಆಸುಪಾಸು. ಅರ್ಧ ಲೀಟರ್ ಕಡಿಮೆಯಾದರೆ ದೊಡ್ಡ ಸಂಪ್‌ನಲ್ಲಿ ಹತ್ತನೆಯ ಒಂದು ಭಾಗ ಹೋದಂತೆ, ಇಲ್ಲಿ ಆರನೆಯ ಒಂದು ಭಾಗ ಹೋದಂತೆ. ಉಳಿದ ಆಯಿಲ್ ಹೆಚ್ಚು ಸಲ ಸುತ್ತಬೇಕು, ಹೆಚ್ಚು ಮಸಿ ಹೊರಬೇಕು, ಹೆಚ್ಚು ಕಾಯಬೇಕು. ಬಡ ಮನೆಯ ಏಕೈಕ ದುಡಿಮೆಗಾರನಂತೆ ಅದರ ಮೇಲೆ ಎಲ್ಲರ ಭಾರವೂ ಇದೆ. ಅವನು ಮಲಗಿದರೆ ಮನೆಯ ಯಾವ ಕೆಲಸವೂ ನಡೆಯುವುದಿಲ್ಲ.

ಇದರ ಜತೆಗೆ ಬದಲಾವಣೆಯ ಅವಧಿಯನ್ನೂ ಗಮನಿಸಬೇಕು. ಫಿಯೆಟ್ ಈ ಎಂಜಿನ್ನನ್ನು ಪರಿಚಯಿಸಿದಾಗ ಎರಡು ಸಂಗತಿಗಳನ್ನು ಹೆಮ್ಮೆಯಿಂದ ಮುಂದಿಟ್ಟಿತು: ಯಾಂತ್ರಿಕ ಭಾಗಗಳಿಗೆ 2,50,000 ಕಿ.ಮೀ. ವರೆಗೆ ರಿಪೇರಿ ಬೇಡ, ಆಯಿಲ್ ಬದಲಿಸುವ ಅವಧಿ 20,000ದಿಂದ 30,000 ಕಿ.ಮೀ.ಗೆ ಏರಿದೆ. ಈ ಎರಡು ಭರವಸೆಗಳ ನಡುವೆ ಒಂದು ಎಳೆದಾಟವಿದೆ. ಚೈನ್ 2,50,000 ಕಿ.ಮೀ. ಬಾಳಬೇಕಾದರೆ ಆಯಿಲ್ ಸ್ವಚ್ಛವಾಗಿರಬೇಕು. ಆಯಿಲನ್ನು 30,000 ಕಿ.ಮೀ. ಓಡಿಸಿದರೆ ಅದರಲ್ಲಿ ಮಸಿ ಸೇರುತ್ತಲೇ ಹೋಗುತ್ತದೆ.

5. ಟೈಮಿಂಗ್ ಚೈನ್

ಹಳೆಯ ಡೀಸೆಲ್ ಕಾರುಗಳಲ್ಲಿ ಟೈಮಿಂಗ್ ಬೆಲ್ಟ್ ಇರುತ್ತಿತ್ತು, ಇಷ್ಟು ಕಿ.ಮೀ. ಆದ ಮೇಲೆ ಬದಲಿಸಬೇಕು ಎಂದು ಕೈಪಿಡಿ ಹೇಳುತ್ತಿತ್ತು. 1.3 ಮಲ್ಟಿಜೆಟ್‌ನಲ್ಲಿ ಒಂದೇ ಸಾಲಿನ ತೆಳು ಚೈನ್ ಕ್ರ್ಯಾಂಕ್‌ನಿಂದ ಒಂದು ಕ್ಯಾಮ್‌ಶಾಫ್ಟನ್ನು ತಿರುಗಿಸುತ್ತದೆ. ಅಲ್ಲಿಂದ ಹಲ್ಲುಚಕ್ರಗಳ ಮೂಲಕ ಇನ್ನೊಂದು ಕ್ಯಾಮ್‌ಶಾಫ್ಟ್ ತಿರುಗುತ್ತದೆ. ಚೈನಿಗೆ ನಿಗದಿತ ಬದಲಾವಣೆಯ ದಿನವೇ ಇಲ್ಲದ್ದರಿಂದ ಅದು ಮಾಲೀಕರ ಕಣ್ಣಿಗೆ ಬೀಳುವುದಿಲ್ಲ.

ಚೈನ್ ಉದ್ದವಾಗುವುದು ಎಂದರೆ ಲೋಹ ಎಳೆದಂತೆ ಹಿಗ್ಗುವುದಲ್ಲ. ಚೈನಿನ ಪ್ರತಿ ಕೀಲಿನಲ್ಲಿ ಒಂದು ಪಿನ್, ಅದರ ಸುತ್ತ ಒಂದು ಬುಷ್ ಇರುತ್ತದೆ. ಡೀಸೆಲ್ ಮಸಿಯ ಕಣಗಳು ಆಯಿಲಿನೊಂದಿಗೆ ಅಲ್ಲಿಗೆ ನುಗ್ಗಿ ಲೋಹವನ್ನು ನಯವಾಗಿ ಉಜ್ಜುತ್ತವೆ. ಒಂದೊಂದು ಕೀಲಿನ ಸವೆತ ಕೂದಲಿಗಿಂತ ಕಡಿಮೆ. ಎಲ್ಲ ಕೀಲುಗಳದು ಕೂಡಿದಾಗ ಚೈನ್ ಸಡಿಲವಾಗುತ್ತದೆ. ಟೆನ್ಷನರ್ ಆ ಸಡಿಲವನ್ನು ಒಂದು ಮಿತಿಯವರೆಗೆ ಹೀರಿಕೊಳ್ಳುತ್ತದೆ. ಆದರೆ ಟೆನ್ಷನರಿಗೆ ಬಲ ಕೊಡುವುದು ಆಯಿಲ್ ಒತ್ತಡ. ಬೆಳಗ್ಗೆ ಸೆಲ್ಫ್ ಹೊಡೆದ ಮೊದಲ ಕ್ಷಣಗಳಲ್ಲಿ ಒತ್ತಡ ಇನ್ನೂ ಏರಿರುವುದಿಲ್ಲ. ಆಗ ಚೈನ್ ಹಿಡಿದಿರುವುದು ಒಳಗಿನ ಸ್ಪ್ರಿಂಗ್ ಮಾತ್ರ. ಆಯಿಲ್ ಮಟ್ಟ ಇಳಿದಿದ್ದರೆ ತಿರುವಿನಲ್ಲಿ, ಜೋರು ಬ್ರೇಕಿನಲ್ಲಿ ಪಂಪ್ ಗಾಳಿ ಎಳೆದುಕೊಂಡು ಅದೇ ಸ್ಥಿತಿ ಮರುಕಳಿಸಬಹುದು.

ಲಕ್ಷಣಗಳು ಹಂತಹಂತವಾಗಿ ಬರುತ್ತವೆ. ಮೊದಲು ತಣ್ಣನೆಯ ಎಂಜಿನ್ ಶುರುವಾದಾಗ ಚೈನ್ ಕವರಿನ ಕಡೆಯಿಂದ ಒಂದೆರಡು ಸೆಕೆಂಡು ಗಲಗಲ ಸದ್ದು. ನಂತರ ಆ ಸದ್ದು ಐಡ್ಲಿಂಗ್‌ನಲ್ಲೂ ಉಳಿಯುತ್ತದೆ. ಮುಂದೆ ಕ್ರ್ಯಾಂಕ್ ಮತ್ತು ಕ್ಯಾಮ್‌ಗಳ ಹೊಂದಾಣಿಕೆ ತಪ್ಪಿ ಸ್ಕ್ಯಾನರಿನಲ್ಲಿ ಪಿ0016 ಕೋಡ್ ಬರಬಹುದು, ಶುರುವಾಗಲು ಹೊತ್ತು ಹಿಡಿಯಬಹುದು. ಕೊನೆಗೆ ಚೈನ್ ಹಲ್ಲು ಹಾರಿದರೆ ಪಿಸ್ಟನ್ನು ವಾಲ್ವಿಗೆ ತಾಗುತ್ತದೆ. ಈ ಎಂಜಿನ್ನಿನಲ್ಲಿ ಹಲವು ಸಂದರ್ಭಗಳಲ್ಲಿ ಕ್ಯಾಮ್ ಮತ್ತು ವಾಲ್ವಿನ ನಡುವಿನ ರಾಕರ್‌ಗಳು ಮೊದಲು ಮುರಿದು ವಾಲ್ವ್‌ಗಳನ್ನು ಉಳಿಸುತ್ತವೆ. ಆದ್ದರಿಂದ ಚೈನ್ ಹಾರಿದ ಕೂಡಲೇ ಹೆಡ್ ಪೂರ್ತಿ ಹೋಯಿತೆಂದು ತೀರ್ಮಾನಿಸದೆ ಬಿಚ್ಚಿ ನೋಡುವುದು ಸರಿಯಾದ ಕ್ರಮ.

ಚೈನ್ ಬದಲಿಸುವಾಗ ಟೆನ್ಷನರ್, ಗೈಡ್, ಸ್ಪ್ರಾಕೆಟ್‌ಗಳನ್ನು ಒಟ್ಟಿಗೆ ಬದಲಿಸಬೇಕು. ಸವೆದ ಸ್ಪ್ರಾಕೆಟ್ಟಿನ ಮೇಲೆ ಹೊಸ ಚೈನ್ ಕೂಡಿಸಿದರೆ ಅದರ ಆಯಸ್ಸು ಅರ್ಧದಲ್ಲೇ ಮುಗಿಯುತ್ತದೆ. ಆಯಿಲ್ ಪಂಪ್ ಚೈನ್ ಕವರಿನೊಳಗೇ ಇರುವುದರಿಂದ ಕವರ್ ಬಿಚ್ಚಿದಾಗ ಅದರ ಸವೆತವನ್ನೂ, ಸಂಪ್ ಇಳಿಸಿದಾಗ ಆಯಿಲ್ ಹೀರುವ ಜಾಲರಿಯಲ್ಲಿ ಕೆಸರು ಕಟ್ಟಿದೆಯೇ ಎಂಬುದನ್ನೂ ನೋಡಬೇಕು. ಜಾಲರಿ ಕಟ್ಟಿದ್ದರೆ ಚೈನ್ ಸವೆದದ್ದಕ್ಕೆ ಕಾರಣ ಕೈಗೇ ಸಿಕ್ಕಿತೆಂದು ಅರ್ಥ.

6. ಟರ್ಬೊ ಮತ್ತು ಗಾಳಿಯ ದಾರಿ

ಟರ್ಬೊ ದೋಷಗಳನ್ನು ಎರಡಾಗಿ ಬಿಡಿಸಿ ನೋಡಬೇಕು: ಟರ್ಬೊದ್ದೇ ದೋಷ ಮತ್ತು ಟರ್ಬೊದ ತಲೆಗೆ ಕಟ್ಟಿದ ದೋಷ.

ಮೊದಲನೆಯದರ ಬೇರು ಮತ್ತೆ ಆಯಿಲಿನಲ್ಲಿದೆ. ಘಾಟಿ ಹತ್ತಿ ಬಂದ ಕಾರನ್ನು ನಿಲ್ಲಿಸಿದ ತಕ್ಷಣ ಆಫ್ ಮಾಡಿದರೆ ಟರ್ಬೊಗೆ ಆಯಿಲ್ ಹರಿವು ನಿಲ್ಲುತ್ತದೆ, ಒಳಗಿನ ಶಾಖ ಉಳಿಯುತ್ತದೆ. ಬೇರಿಂಗಿನಲ್ಲೂ ಆಯಿಲ್ ಬರುವ ಸಣ್ಣ ಕೊಳವೆಯಲ್ಲೂ ಉಳಿದ ಆಯಿಲ್ ಸುಟ್ಟು ಕರಿಯಾಗಿ ಗಟ್ಟಿಯಾಗುತ್ತದೆ. ದಿನ ಕಳೆದಂತೆ ಕೊಳವೆ ಕಿರಿದಾಗಿ ಶಾಫ್ಟ್ ಒಣಗುತ್ತದೆ. ಶಾಫ್ಟ್ ಅಲುಗಾಡುವುದು, ನೀಲಿ ಹೊಗೆ, ಸಿಳ್ಳೆಯಂಥ ಕರ್ಕಶ ಸದ್ದು ಇದರ ಗುರುತುಗಳು. ಹೊಸ ಟರ್ಬೊ ಕೂಡಿಸುವವರು ಆಯಿಲ್ ಕೊಳವೆಯನ್ನು ಬದಲಿಸದೆ ಬಿಟ್ಟರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ಲೋಡ್ ಮೇಲೆ ಓಡಿದ ನಂತರ ಎಂಜಿನ್ನನ್ನು ಒಂದು ನಿಮಿಷದಷ್ಟು ಐಡ್ಲಿಂಗ್‌ನಲ್ಲಿ ಬಿಡುವ ಚಾಲಕರ ರೂಢಿಗೆ ಭದ್ರವಾದ ಕಾರಣವಿದೆ.

ಎರಡನೆಯದು ಹೆಚ್ಚು ಸಾಮಾನ್ಯ. ಟರ್ಬೊದಿಂದ ಇಂಟರ್‌ಕೂಲರಿಗೆ, ಅಲ್ಲಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸ್‌ಗಳು ಶಾಖದಲ್ಲೂ ಆಯಿಲ್ ಆವಿಯಲ್ಲೂ ನೆನೆದು ಸೀಳುತ್ತವೆ. ಕಾರು ನಿಂತಿದ್ದಾಗ ಸೀಳು ಕಾಣುವುದಿಲ್ಲ. ಒತ್ತಡ ಬಂದಾಗ ಬಾಯಿ ಬಿಡುತ್ತದೆ. ಆಗ ಪಿಕಪ್ ಹೋಗುತ್ತದೆ, ಕಪ್ಪು ಹೊಗೆ ಬರುತ್ತದೆ, ಸುಯ್ಯೆಂಬ ಗಾಳಿಯ ಸದ್ದು ಕೇಳುತ್ತದೆ. ವೇಸ್ಟ್‌ಗೇಟ್ ಅಥವಾ ವಿಜಿಟಿಯನ್ನು ಆಡಿಸುವ ಒತ್ತಡದ ಅಥವಾ ನಿರ್ವಾತದ ಕೊಳವೆಗಳು ಬಿರುಕು ಬಿಟ್ಟರೂ ಇದೇ ಲಕ್ಷಣ. 90 ಪಿಎಸ್ ಆವೃತ್ತಿಯಲ್ಲಿ ಟರ್ಬೊ ರೆಕ್ಕೆಗಳ ಮೇಲೆ ಮಸಿ ಕಟ್ಟಿ ಅವು ಅಂಟಿಕೊಳ್ಳುವುದು ಇನ್ನೊಂದು ಕಾರಣ. ಸದಾ ಕಡಿಮೆ ಆರ್‌ಪಿಎಂನಲ್ಲಿ ಪೇಟೆಯೊಳಗೇ ಓಡುವ ಕಾರುಗಳಲ್ಲಿ ಇದು ಬೇಗ ಬರುತ್ತದೆ. ಇಸಿಯು ಅಪೇಕ್ಷಿಸಿದ ಒತ್ತಡಕ್ಕೂ ನಿಜವಾಗಿ ಸಿಕ್ಕ ಒತ್ತಡಕ್ಕೂ ಇರುವ ಅಂತರವನ್ನು ಸ್ಕ್ಯಾನರಿನಲ್ಲಿ ನೋಡಿ, ಹೋಸ್‌ಗಳನ್ನು ಕೈಯಾರೆ ತಡವಿ ಪರೀಕ್ಷಿಸಿದ ಮೇಲಷ್ಟೇ ಟರ್ಬೊ ಬಿಚ್ಚುವ ಮಾತು ಬರಬೇಕು.

7. ಮಸಿ: ಇಜಿಆರ್, ಡಿಪಿಎಫ್, ಥರ್ಮೋಸ್ಟಾಟ್

ನೈಟ್ರೋಜನ್ ಆಕ್ಸೈಡ್‌ಗಳನ್ನು ತಗ್ಗಿಸಲು ಎಂಜಿನ್ ಹೊರಬಿಟ್ಟ ಹೊಗೆಯ ಒಂದು ಪಾಲನ್ನು ಇಜಿಆರ್ ವಾಲ್ವ್ ಮರಳಿ ಒಳಕ್ಕೆ ಕಳಿಸುತ್ತದೆ. ಹೊಗೆಯ ಮಸಿ, ಕ್ರ್ಯಾಂಕ್‌ಕೇಸ್‌ನಿಂದ ಬರುವ ಆಯಿಲ್ ಆವಿ ಎರಡೂ ಇನ್‌ಟೇಕ್ ದಾರಿಯಲ್ಲಿ ಕೂಡಿಕೊಂಡು ಗಟ್ಟಿ ಕರಿಯಾಗಿ ಕಟ್ಟುತ್ತವೆ. ವಾಲ್ವ್ ತೆರೆದೇ ಉಳಿದರೆ ಕಪ್ಪು ಹೊಗೆ, ಮಂದ ಎಳೆತ, ಐಡ್ಲಿಂಗ್‌ನಲ್ಲಿ ನಡುಕ ಬರುತ್ತವೆ. ಮುಚ್ಚಿಯೇ ಉಳಿದರೆ ಚೆಕ್ ಎಂಜಿನ್ ದೀಪ ಹತ್ತುತ್ತದೆ. ಬಿಚ್ಚಿ ತೊಳೆದರೆ ಬಹುಪಾಲು ಸರಿಹೋಗುತ್ತದೆ. ಇಜಿಆರ್ ದಾರಿಯನ್ನು ತಗಡು ಇಟ್ಟು ಮುಚ್ಚುವ ಪರಿಪಾಠ ಹಲವೆಡೆ ಇದೆ. ಅದರಿಂದ ಮಾಲಿನ್ಯ ನಿಯಂತ್ರಣ ವ್ಯವಸ್ಥೆಯೇ ಕೆಡುತ್ತದೆ. ಊರಿನ ಗಾಳಿಗೆ ಅದರ ಬೆಲೆ ತಟ್ಟುತ್ತದೆ. ಅದನ್ನು ರಿಪೇರಿ ಎಂದು ಒಪ್ಪಲಾಗದು.

ಯುರೋಪಿನ ಹಲವು ಆವೃತ್ತಿಗಳಲ್ಲಿ ಮಸಿ ಹಿಡಿಯುವ ಫಿಲ್ಟರ್, ಅಂದರೆ ಡಿಪಿಎಫ್, ಇದೆ. ಅದರಲ್ಲಿ ಕೂಡಿದ ಮಸಿಯನ್ನು ಆಗಾಗ ಸುಡಬೇಕು. ಅದಕ್ಕಾಗಿ ಇಸಿಯು ದಹನ ಮುಗಿಯುತ್ತ ಬಂದಾಗ ಸ್ವಲ್ಪ ಹೆಚ್ಚುವರಿ ಡೀಸೆಲ್ ಚಿಮುಕಿಸಿ ಹೊಗೆಯ ಶಾಖ ಏರಿಸುತ್ತದೆ. ಕಾರು ಹತ್ತಿರದ ಓಡಾಟಕ್ಕಷ್ಟೇ ಬಳಕೆಯಾದರೆ ಈ ಸುಡುವಿಕೆ ನಡುವೆಯೇ ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ, ಮತ್ತೆ ನಿಲ್ಲುತ್ತದೆ. ಪ್ರತಿ ಸಲವೂ ಒಂದಿಷ್ಟು ಡೀಸೆಲ್ ಸಿಲಿಂಡರ್ ಗೋಡೆಯಿಂದ ಜಾರಿ ಸಂಪ್ ಸೇರುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರಿದಂತೆ ಕಾಣುತ್ತದೆ. ಮಾಲೀಕರು ಆಯಿಲ್ ತುಂಬ ಇದೆಯೆಂದು ನಿಶ್ಚಿಂತರಾಗುತ್ತಾರೆ. ನಿಜವಾಗಿ ಅದು ತೆಳುವಾಗಿದೆ. ತೆಳು ಆಯಿಲ್ ಚೈನ್ ಟೆನ್ಷನರನ್ನೂ ಟರ್ಬೊ ಬೇರಿಂಗನ್ನೂ ಅಷ್ಟೇ ದುರ್ಬಲಗೊಳಿಸುತ್ತದೆ. ಮೂರು ಲೀಟರಿನ ಸಂಪ್‌ಗೆ ಸೇರಿದ ಡೀಸೆಲ್ ದೊಡ್ಡ ಸಂಪ್‌ಗೆ ಸೇರಿದ್ದಕ್ಕಿಂತ ಹೆಚ್ಚು ಹಾನಿ ಮಾಡುವುದು ಸಹಜ. ಮಸಿಯ ದೋಷ ಆಯಿಲಿನ ದೋಷವಾಗುವ ಸುತ್ತುದಾರಿ ಎಂದರೆ ಇದು.

ಇದೇ ಸರಪಣಿಗೆ ಥರ್ಮೋಸ್ಟಾಟ್ ಕೂಡ ಸೇರುತ್ತದೆ. ಅದು ತೆರೆದ ಸ್ಥಿತಿಯಲ್ಲೇ ಕೆಟ್ಟರೆ ಎಂಜಿನ್ ಸರಿಯಾಗಿ ಕಾಯುವುದಿಲ್ಲ. ಓಡಾಟಕ್ಕೆ ತೊಂದರೆ ಕಾಣದ ಕಾರಣ ಯಾರೂ ಅದನ್ನು ಗಮನಿಸುವುದಿಲ್ಲ. ಆದರೆ ತಣ್ಣನೆಯ ಎಂಜಿನ್ ಹೆಚ್ಚು ಮಸಿ ಕಕ್ಕುತ್ತದೆ, ಡಿಪಿಎಫ್ ಇರುವ ಕಾರಿನಲ್ಲಿ ಸುಡುವಿಕೆಯೇ ಶುರುವಾಗದೆ ಹೋಗಬಹುದು. ಹೆದ್ದಾರಿಯಲ್ಲಿ ಓಡುವಾಗಲೂ ಕೂಲಂಟ್ ಶಾಖ ಏರದಿದ್ದರೆ ಮೊದಲ ಅನುಮಾನ ಥರ್ಮೋಸ್ಟಾಟಿನ ಮೇಲೆ ಇರಬೇಕು.

8. ಇಂಧನದ ದಾರಿ

ಕರ್ನಾಟಕದ ಡೀಸೆಲ್ ಮೆಕ್ಯಾನಿಕ್‌ಗಳ ಒಂದು ತಲೆಮಾರು ಮೈಕೋ ಪಂಪ್‌ಗಳ ಮೇಲೆ ಕೈ ಪಳಗಿಸಿಕೊಂಡದ್ದು. 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯ, ಅಂದರೆ ಮೈಕೋದ, ಆಡುಗೋಡಿ ಕಾರ್ಖಾನೆ ಬೆಂಗಳೂರನ್ನು ಡೀಸೆಲ್ ಪಂಪ್, ನಾಜಲ್‌ಗಳ ಊರಾಗಿ ಮಾಡಿತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಲಿಮಿಟೆಡ್ ಆಯಿತು. ಹಳೆಯ ಪಂಪ್‌ನಲ್ಲಿ ಇಂಧನದ ಪ್ರಮಾಣ, ವೇಳೆ ಎರಡನ್ನೂ ಯಾಂತ್ರಿಕವಾಗಿ ಹೊಂದಿಸಬಹುದಿತ್ತು. ಪಂಪ್ ಶಾಪಿನ ಅನುಭವಿ ಮೆಕ್ಯಾನಿಕ್ ಎಂಜಿನ್ ಸದ್ದು ಕೇಳಿಯೇ ಟೈಮಿಂಗ್ ಹೇಳಬಲ್ಲವನಾಗಿದ್ದ. ಕಾಮನ್ ರೈಲ್‌ನಲ್ಲಿ ಪಂಪಿನ ಕೆಲಸ ಒತ್ತಡ ಕೊಡುವುದಷ್ಟೇ. ಯಾವಾಗ, ಎಷ್ಟು ಎಂಬುದನ್ನು ಇಸಿಯು ನಿರ್ಧರಿಸಿ ಇಂಜೆಕ್ಟರಿನ ವಿದ್ಯುತ್ ಕವಾಟಕ್ಕೆ ಆಜ್ಞೆ ಕೊಡುತ್ತದೆ.

ಈ ವ್ಯವಸ್ಥೆಯ ಶತ್ರುಗಳು ನೀರು, ಧೂಳು, ಕಲಬೆರಕೆ. 1,600 ಬಾರ್ ಒತ್ತಡದಲ್ಲಿ ಕೆಲಸ ಮಾಡುವ ಭಾಗಗಳ ನಡುವಿನ ಅಂತರ ಮಿಲಿಮೀಟರಿನ ಸಾವಿರದ ಕೆಲವೇ ಭಾಗಗಳಷ್ಟಿರುತ್ತದೆ, ಅವುಗಳಿಗೆ ಜಾರುವಿಕೆ ಒದಗಿಸುವುದೂ ಡೀಸೆಲ್ಲೇ. ಆದ್ದರಿಂದ ಡೀಸೆಲ್ ಫಿಲ್ಟರನ್ನು ವೇಳೆಗೆ ಬದಲಿಸುವುದು, ಅದರಲ್ಲಿ ನಿಂತ ನೀರನ್ನು ಬಸಿಯುವುದು ತಪ್ಪಿಸಬಾರದ ಕೆಲಸ. ಇಂಜೆಕ್ಟರ್ ಸೋರತೊಡಗಿದರೆ ಅದರ ರಿಟರ್ನ್ ಪೈಪಿನಲ್ಲಿ ಹೆಚ್ಚು ಡೀಸೆಲ್ ಮರಳುತ್ತದೆ. ರೈಲ್‌ನಲ್ಲಿ ಒತ್ತಡ ನಿಲ್ಲದೆ ಕಾರು ಶುರುವಾಗಲು ಸತಾಯಿಸುತ್ತದೆ. ನಾಲ್ಕೂ ಇಂಜೆಕ್ಟರ್‌ಗಳ ರಿಟರ್ನ್ ಪ್ರಮಾಣವನ್ನು ಪಕ್ಕಪಕ್ಕ ಅಳೆದು ನೋಡಿದರೆ ಯಾವುದು ಕೆಟ್ಟಿದೆಯೆಂದು ತಿಳಿಯುತ್ತದೆ. ಇಂಜೆಕ್ಟರಿನ ಬುಡದ ತಾಮ್ರದ ವಾಷರ್ ಸೋರಿದರೆ ಚುಸ್ ಚುಸ್ ಎಂಬ ಸದ್ದು ಬರುತ್ತದೆ, ಸುತ್ತಲೂ ಡಾಂಬರಿನಂಥ ಕರಿ ಕಟ್ಟುತ್ತದೆ. ಹೊಸ ಇಂಜೆಕ್ಟರ್ ಹಾಕಿದಾಗ ಅದರ ಮೇಲೆ ಅಚ್ಚೊತ್ತಿದ ಕೋಡನ್ನು ಇಸಿಯುಗೆ ತುಂಬಬೇಕು. ತುಂಬದಿದ್ದರೆ ಹೊಸದಾದರೂ ಐಡ್ಲಿಂಗ್ ಸಮವಾಗುವುದಿಲ್ಲ.

ಇಲ್ಲಿಯೂ ದಾರಿ ಆಯಿಲಿಗೆ ತಲುಪುತ್ತದೆ. ಸರಿಯಾಗಿ ಸಿಂಪಡಿಸದ ಇಂಜೆಕ್ಟರ್ ಹನಿ ಉದುರಿಸುತ್ತದೆ. ಸುಡದೆ ಉಳಿದ ಆ ಹನಿ ಮಸಿಯಾಗಿಯೋ ದ್ರವವಾಗಿಯೋ ಸಂಪ್ ಸೇರುತ್ತದೆ.

9. ಒಂದೇ ಎಂಜಿನ್, ಎರಡು ಬಾಳು

ಯುರೋಪಿನಲ್ಲಿ ಮತ್ತು ಭಾರತದಲ್ಲಿ ಈ ಎಂಜಿನ್ನಿಗೆ ಬಂದ ದೋಷಗಳ ಬಗೆ ಬೇರೆ ಬೇರೆ. ಲೋಹ ಒಂದೇ ಆಗಿರುವುದರಿಂದ ಈ ವ್ಯತ್ಯಾಸ ಅಧ್ಯಯನಕ್ಕೆ ಬಹಳ ಬೆಲೆಯುಳ್ಳದ್ದು. ಯುರೋಪಿನಲ್ಲಿ ಉದ್ದದ ಆಯಿಲ್ ಅವಧಿ, ಚಳಿ, ಹತ್ತಿರದ ಓಡಾಟ, ಡಿಪಿಎಫ್ ನಾಲ್ಕೂ ಕೂಡಿದವು. ಅಲ್ಲಿಯ ಮುಖ್ಯ ದೂರುಗಳು ಚೈನ್, ಆಯಿಲ್ ತೆಳುವಾಗುವುದು, ಕಟ್ಟಿದ ಫಿಲ್ಟರ್.

ಭಾರತದ ಬಿಎಸ್3, ಬಿಎಸ್4 ಆವೃತ್ತಿಗಳಿಗೆ ಡಿಪಿಎಫ್ ಬೇಕಾಗಲಿಲ್ಲ. ಆದ್ದರಿಂದ ಡೀಸೆಲ್ ಬೆರೆತು ಆಯಿಲ್ ಏರುವ ಕಾಟ ಇಲ್ಲಿ ಅಪರೂಪ. ಮಾರುತಿಯ ವೇಳಾಪಟ್ಟಿಯಲ್ಲಿ ಆಯಿಲ್ ಬದಲಾವಣೆ 10,000 ಕಿ.ಮೀ.ಗೆ ಒಮ್ಮೆ, ಯುರೋಪಿನ ಅವಧಿಯ ಮೂರನೆಯ ಒಂದು ಭಾಗ. ಇದಕ್ಕೆ ಬಲವಾದ ಕಾರಣ ಇಂಧನದಲ್ಲೇ ಇತ್ತು. 2010ರಲ್ಲಿ ಬೆಂಗಳೂರು ಸೇರಿದಂತೆ 13 ನಗರಗಳಿಗೆ 50 ಪಿಪಿಎಂ ಗಂಧಕದ ಬಿಎಸ್4 ಡೀಸೆಲ್ ಬಂತು; ಹೊರಗಿನ ಊರುಗಳಲ್ಲಿ 350 ಪಿಪಿಎಂ ಗಂಧಕದ ಬಿಎಸ್3 ಡೀಸೆಲ್ ಜಾರಿಗೆ ಬಂತು. ದೇಶವಿಡೀ ಬಿಎಸ್4 ಆದದ್ದು 2017ರ ಏಪ್ರಿಲ್‌ನಲ್ಲಿ. ಗಂಧಕ ಸುಟ್ಟು ಆಮ್ಲವಾಗುತ್ತದೆ. ಆ ಆಮ್ಲವನ್ನು ತಟಸ್ಥಗೊಳಿಸುವ ಆಯಿಲಿನ ಕ್ಷಾರಗುಣ ಬೇಗ ಬರಿದಾಗುತ್ತದೆ. ಬೆಂಗಳೂರಿನಲ್ಲಿ ಡೀಸೆಲ್ ಹಾಕಿಸಿ ಹಳ್ಳಿಗಳ ಕಡೆ ಓಡಿ, ಅಲ್ಲಿಯ ಡೀಸೆಲ್ ತುಂಬಿಸಿಕೊಂಡು ಮರಳುತ್ತಿದ್ದ ಟ್ಯಾಕ್ಸಿಯ ಆಯಿಲ್ ಎರಡೂ ಬಗೆಯ ಇಂಧನಕ್ಕೆ ಒಡ್ಡಿಕೊಳ್ಳುತ್ತಿತ್ತು.

ಇಲ್ಲಿ ಎದ್ದು ಕಂಡ ಇನ್ನೊಂದು ದೂರು ಕ್ಲಚ್ಚಿನದು. ಅದು ಎಂಜಿನ್ನಿನ ಭಾಗವಲ್ಲದಿದ್ದರೂ ಎಂಜಿನ್ನಿನ ಸ್ವಭಾವದಿಂದ ಹುಟ್ಟಿದ್ದು. ಟರ್ಬೊ ಮೈದುಂಬುವುದಕ್ಕೆ ಮುಂಚೆ, ಸುಮಾರು 1,800 ಆರ್‌ಪಿಎಂ ಕೆಳಗೆ, ಈ 1.3 ಲೀಟರ್ ಎಂಜಿನ್ನಿನಲ್ಲಿ ಎಳೆತ ಕಡಿಮೆ. ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿಗಳ ತಿರುವುಗಳಲ್ಲಿ, ಬೆಂಗಳೂರಿನ ತೆವಳುವ ಟ್ರಾಫಿಕ್ಕಿನಲ್ಲಿ ಎಂಜಿನ್ ಆಫ್ ಆಗದಿರಲೆಂದು ಚಾಲಕ ಅರ್ಧ ಕ್ಲಚ್ ಹಿಡಿದೇ ಆಕ್ಸಿಲರೇಟರ್ ಒತ್ತುತ್ತಾನೆ. ಕ್ಲಚ್ ಪ್ಲೇಟ್ ಸವೆಯುವುದು ಇದರಿಂದ. ತಿರುವಿಗೆ ಮುಂಚೆಯೇ ಗೇರ್ ಇಳಿಸಿ ಆರ್‌ಪಿಎಂ ಏರಿಸಿಕೊಂಡರೆ ಕ್ಲಚ್ಚೂ ಉಳಿಯುತ್ತದೆ, ಮಸಿಯೂ ಕಡಿಮೆಯಾಗುತ್ತದೆ.

10. ಪರೀಕ್ಷೆಯ ಕ್ರಮ ಮತ್ತು ನಿರ್ಣಯ

ಮೇಲಿನ ವಿಶ್ಲೇಷಣೆ ಸರಿಯಿದ್ದರೆ ಈ ಎಂಜಿನ್ನನ್ನು ಪರೀಕ್ಷಿಸುವ ಕ್ರಮವೂ ಅದರಿಂದಲೇ ಹೊರಡಬೇಕು. ಮೊದಲು ಆಯಿಲ್: ಮಟ್ಟ, ದರ್ಜೆ, ಹಿಂದೆ ಯಾವಾಗ ಬದಲಾಯಿತು ಎಂಬ ದಾಖಲೆ, ಮಟ್ಟ ಏರಿದೆಯೇ ಇಳಿದಿದೆಯೇ ಎಂಬ ವಿಚಾರ. ಎರಡನೆಯದು ರಾತ್ರಿಯಿಡೀ ನಿಂತ ಕಾರಿನ ಮೊದಲ ಸ್ಟಾರ್ಟಿನ ಸದ್ದು. ಹಳೆಯ ಕಾರು ಕೊಳ್ಳುವವರು ಎಂಜಿನ್ ಮೊದಲೇ ಬಿಸಿಯಾಗಿದ್ದರೆ ನೋಡುವುದನ್ನು ಮರುದಿನಕ್ಕೆ ಮುಂದೂಡಬೇಕು. ಮೂರನೆಯದು ಗಾಳಿಯ ದಾರಿ: ಹೋಸ್‌ಗಳು, ನಿರ್ವಾತ ಕೊಳವೆಗಳು, ಇಜಿಆರ್. ನಾಲ್ಕನೆಯದು ಸ್ಕ್ಯಾನರ್: ಟರ್ಬೊ ಒತ್ತಡ, ರೈಲ್ ಒತ್ತಡ, ಕೂಲಂಟ್ ಶಾಖ. ಇಂಜೆಕ್ಟರ್, ಟರ್ಬೊಗಳಂಥ ದುಬಾರಿ ಭಾಗಗಳನ್ನು ಬದಲಿಸುವ ನಿರ್ಧಾರ ಇವೆಲ್ಲದರ ನಂತರ ಬರಬೇಕು.

1.3 ಮಲ್ಟಿಜೆಟ್ ದುರ್ಬಲ ಎಂಜಿನ್ ಎಂಬ ಮಾತಿಗೆ ಈ ಓದಿನಲ್ಲಿ ಆಧಾರ ಸಿಗುವುದಿಲ್ಲ. ಅದು ಬಹಳ ಚೆನ್ನಾಗಿ ಯೋಚಿಸಿ ಕಟ್ಟಿದ ಎಂಜಿನ್. ಆದರೆ ಉದಾಸೀನವನ್ನು ತಾಳಿಕೊಳ್ಳುವ ಅವಕಾಶವನ್ನು ಅದರ ರಚನೆಯಲ್ಲಿ ಕಡಿಮೆ ಇಡಲಾಗಿದೆ. ದೊಡ್ಡ ಸಂಪ್, ಭಾರದ ಕಬ್ಬಿಣ, ಯಾಂತ್ರಿಕ ಪಂಪ್‌ಗಳ ಹಳೆಯ ಡೀಸೆಲ್‌ಗಳು ತಡವಾದ ಸರ್ವಿಸನ್ನು ಕ್ಷಮಿಸುತ್ತಿದ್ದವು. ಆ ಎಂಜಿನ್‌ಗಳ ಕಾಲದ ರೂಢಿಗಳನ್ನೇ ಇದಕ್ಕೂ ಅನ್ವಯಿಸಿದಾಗ ಬಂದ ಫಲಗಳನ್ನು ನಾವು ದೋಷಗಳ ಪಟ್ಟಿಯಾಗಿ ಬರೆದಿಟ್ಟಿದ್ದೇವೆ.

ಮುಂದಿನ ಅಧ್ಯಯನಕ್ಕೆ ಒಂದು ಸಲಹೆಯಿದೆ. ನಮ್ಮ ಗ್ಯಾರೇಜುಗಳ ಜಾಬ್ ಕಾರ್ಡ್‌ಗಳಲ್ಲಿ ಬದಲಿಸಿದ ಭಾಗದ ಹೆಸರು, ಬೆಲೆ ಇರುತ್ತದೆ. ಆ ಹೊತ್ತಿನಲ್ಲಿ ಆಯಿಲ್ ಎಷ್ಟು ಕಿ.ಮೀ. ಹಳೆಯದಾಗಿತ್ತು, ಎಷ್ಟು ಉಳಿದಿತ್ತು, ಯಾವ ದರ್ಜೆಯದು ಎಂಬುದು ಇರುವುದಿಲ್ಲ. ಚೈನ್ ಅಥವಾ ಟರ್ಬೊ ಬದಲಿಸಿದಾಗಲೆಲ್ಲ ಈ ಮೂರು ಸಂಗತಿಗಳನ್ನು ಕನ್ನಡದಲ್ಲೇ ಒಂದು ಸಾಲಿನಲ್ಲಿ ಬರೆದಿಟ್ಟರೆ ಸಾಕು. ಹೊಸ ಎಂಜಿನ್ ತಯಾರಾಗುವುದು ನಿಂತಿರುವಾಗ ಉಳಿದಿರುವ ಎಂಜಿನ್‌ಗಳ ಆಯಸ್ಸು ಮೆಕ್ಯಾನಿಕ್‌ಗಳ ಅನುಭವವನ್ನು ನೆಚ್ಚಿದೆ. ಆ ಅನುಭವ ದಾಖಲೆಯಾಗಿ ಉಳಿದರೆ ಮುಂದಿನ ಮೆಕ್ಯಾನಿಕ್ಕಿಗೂ ಸಂಶೋಧಕನಿಗೂ ಒಂದೇ ಸಮನೆ ಕೆಲಸಕ್ಕೆ ಬರುತ್ತದೆ.